ರಾಚಯ್ಯನವರನ್ನು ಕೂಡ್ರಿಸಿದ ದಿನ

ರಾಚಯ್ಯನವರು ತೀರಿಕೊಂಡಾಗ ಬೆಳಗಿನ ಆರೂ ಆಗಿರಲಿಲ್ಲ. ಮಗಳು ಬಸವೇಶ್ವರಿ ಬಿಸಿನೀರಿನ ಲೋಟ ಹಿಡಿದು ಬಂದು ನೋಡಿದರೆ ಅಪ್ಪನ ಬಾಯಿ ತೆರೆದೇ ಇತ್ತು, ಉಸಿರು ಇರಲಿಲ್ಲ. ಅವಳು ಅಳಲಿಲ್ಲ. ಅಳಲು ಪುರುಸೊತ್ತಿರಲಿಲ್ಲ ಎಂದರೆ ಬೇರೆಯವರು ನಂಬಲಿಕ್ಕಿಲ್ಲ, ಆದರೆ ಅಯ್ಯನವರ, ಅಂದರೆ ಜಂಗಮರ, ಮನೆಯಲ್ಲಿ ಹುಟ್ಟಿದವರಿಗೆ ಅದು ಗೊತ್ತು. ಜೀವ ಹೋದ ಕೂಡಲೇ ದೇಹವನ್ನು ಕೂಡ್ರಿಸಬೇಕು. ಕಾಲು ಮಡಚಿ, ಬೆನ್ನನ್ನು ಗೋಡೆಗೆ ಆನಿಸಿ, ತಲೆ ಬಾಗದಂತೆ ಮೇಲಿನ ಗೂಟಕ್ಕೆ ಬಟ್ಟೆ ಬಿಗಿಯಬೇಕು. ತಡವಾದರೆ ಕೈಕಾಲು ಸೆಟೆದುಕೊಳ್ಳುತ್ತವೆ. ಆಮೇಲೆ ಮಲಗಿಸಿಯೇ ಒಯ್ಯಬೇಕು.

ರಾಚಯ್ಯನವರು ನಲವತ್ತು ವರ್ಷ ಮಾಡಿದ್ದು ಇದೇ ಕೆಲಸ. ಹುಡುಗನಿದ್ದಾಗ ಶಿವಯೋಗ ಮಂದಿರದಲ್ಲಿ ಕಲಿತು ಬಂದು, ಹುನಗುಂದ ಮತ್ತು ಇಳಕಲ್ಲಿನ ನಡುವಿನ ಆ ಊರಿನಲ್ಲಿ ಅಜ್ಜನ ಮನೆಯಲ್ಲೇ ನೆಲೆ ನಿಂತಿದ್ದರು. ಊರಿನ ಹೆಸರು ಬೇಡ. ಆ ವರ್ಷ ಬಾಗಿಲು ಹಾಕಿಕೊಂಡ ಊರು ಅದೊಂದೇ ಅಲ್ಲ. ಸುತ್ತಲಿನ ಹಳ್ಳಿಗಳ ಲಿಂಗಾಯತರಲ್ಲಿ ಯಾರು ತೀರಿಕೊಂಡರೂ ಅಯ್ಯನವರಿಗೆ ಕರೆ ಬರುತ್ತಿತ್ತು. ಕುಣಿಯಲ್ಲಿ ಕುಳಿತ ದೇಹದ ಎಡಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಬಳಿದು, ಕಟ್ಟಕಡೆಗೆ ತಮ್ಮ ಬಲಗಾಲನ್ನು ಆ ತಲೆಯ ಮೇಲೆ ಇಡುತ್ತಿದ್ದರು. ಜಂಗಮನ ಪಾದ ತಲೆ ಮುಟ್ಟಿತೆಂದರೆ ಆ ಜೀವ ಶಿವನನ್ನು ಸೇರಿದಂತೆ. ಅದಕ್ಕೆ ಆ ಕಡೆಯಲ್ಲಿ ಬರೀ 'ಪಾದ' ಎಂದೇ ಹೆಸರು. 'ಪಾದ ಆತೇನು?' ಎಂದು ಯಾರಾದರೂ ಕೇಳಿದರೆ, ಎಲ್ಲ ಸಾಂಗವಾಗಿ ಮುಗಿಯಿತೇ ಎಂದು ಅರ್ಥ.

ಆ ಬೇಸಿಗೆಯಲ್ಲಿ ಮಾತ್ರ ಯಾವುದೂ ಸಾಂಗವಾಗಿ ಮುಗಿಯುತ್ತಿರಲಿಲ್ಲ. ಕರೋನಾ ಎರಡನೆಯ ಸಲ ಬಂದಿತ್ತು. ಟಿ.ವಿ.ಯಲ್ಲಿ ಹೆಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜೆ.ಸಿ.ಬಿ. ತೋಡಿದ ಉದ್ದನೆಯ ಕಂದಕದಲ್ಲಿ ಸಾಲಾಗಿ ಮಲಗಿಸುವುದನ್ನು ಕಂಡು ರಾಚಯ್ಯನವರು ಎರಡು ದಿನ ಊಟ ಬಿಟ್ಟಿದ್ದರು. ಆಮೇಲೆ ಜ್ವರ ಅವರಿಗೇ ಬಂತು. ಮೂರು ದಿನದ ಹಿಂದೆ, ಇನ್ನೂ ಮಾತು ಸ್ಪಷ್ಟವಿದ್ದಾಗ, ಮಗಳ ಕೈ ಹಿಡಿದು ಹೇಳಿದ್ದರು: "ಬಸವಾ, ನನ್ನ ಮಲಗಸಬ್ಯಾಡ. ಕೂಡ್ರಿಸಿ ಕಳಸು. ಯಾರರ ಒಬ್ಬ ಅಯ್ಯಾರನ್ನ ಕರಸಿ ಪಾದ ಇಡಸು. ಇಷ್ಟ ಮಾಡು, ಬ್ಯಾರೆ ಏನೂ ಬ್ಯಾಡ." ಅವಳು ಹೂಂ ಎಂದಿದ್ದಳು.

ಹೂಂ ಎಂದವಳಿಗೆ ಈಗ ಅಪ್ಪನ ಭುಜ ಎತ್ತಲೂ ಆಗಲಿಲ್ಲ. ಅವಳಿಗೂ ಒಂಬತ್ತು ದಿನದಿಂದ ಜ್ವರ. ಎರಡು ಸಲ ಎಳೆದಳು, ಮೂರನೆಯ ಸಲಕ್ಕೆ ಕಣ್ಣು ಕತ್ತಲೆ ಬಂದು ಮಂಚದ ಕಾಲಿಗೆ ಒರಗಿ ಕುಳಿತಳು. ಅಲ್ಲಿಂದಲೇ ಬಾಗಲಕೋಟೆಯ ನವನಗರದಲ್ಲಿದ್ದ ಅಣ್ಣ ವಿಜಯಮಹಾಂತೇಶನಿಗೆ ಫೋನ್ ಹಚ್ಚಿದಳು.

ಅಣ್ಣ ಹೋ ಎಂದು ಅತ್ತ. ಫೋನ್ ಇಟ್ಟು, ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಹಚ್ಚಿ ಹೇಳಿದ: "ನಾ ಹೆಂಗ ಬರ್ಲಿ ಹೇಳು? ಮನ್ಯಾಗ ಸಣ್ಣ ಕೂಸೈತಿ. ನಿಮ್ಮ ಪಂಚಾಯ್ತಿ ಮೆಂಬರಗ ಈಗರ ಫೋನ್ ಮಾಡಿದ್ದೆ. ಹನ್ನೆರಡಕ್ಕ ಗಾಡಿ ಬರ್ತೈತಂತ. ಎಲ್ಲಾ ಅವ್ರ ನೋಡ್ಕೋತಾರ, ನೀ ದೂರ ಇರು."

"ಅವ್ರು ಮಲಗಸ್ತಾರ, ಅಣ್ಣಾ."

"ಈಗ ಅದನ್ನೆಲ್ಲಾ ನೋಡಾಕ ಆಗ್ತದೇನವಾ?" ಎಂದ ಅಣ್ಣ. ಆಮೇಲೆ ಮತ್ತೆ ಅತ್ತ. ಅವನ ದುಃಖ ಸುಳ್ಳಲ್ಲ. ಆದರೆ ಆ ದುಃಖಕ್ಕೆ ನವನಗರ ಬಿಟ್ಟು ಹೊರಡುವಷ್ಟು ಬಲ ಇರಲಿಲ್ಲ.

ಬಸವೇಶ್ವರಿ ಗೋಡೆ ಹಿಡಿದು ಹೊರಗೆ ಬಂದಳು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಿಂದಿನ ಯುಗಾದಿಗೆ ಆ ಬಾಗಿಲುಗಳಿಂದಲೇ ಜನ ಬಂದು ಅಪ್ಪನ ಕಾಲಿಗೆ ಬಿದ್ದು ಹೋಗಿದ್ದರು. ಪಕ್ಕದ ಮನೆಯ ಅಂದಪ್ಪ ಊರಿನ ಕುಣಿಗಳನ್ನೆಲ್ಲ ತೋಡುವವನು, ಅಪ್ಪನ ಜೊತೆ ನೂರಾರು ಮಣ್ಣಿಗೆ ಹೋದವನು. ಅವಳು ಅವನ ಬಾಗಿಲು ಬಡಿದಳು.

"ಅಂದಪ್ಪ ಕಾಕಾ, ಅಪ್ಪ ಹೋದ. ಕೂಡ್ರಿಸಬೇಕು. ಒಂದ ಕೈ ಹಿಡೀರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಒಳಗಿನಿಂದ ಬಂದದ್ದು ಮುದುಕನ ದನಿಯ ಹಾಗಿತ್ತು. "ನಾ ಬರೂದಿಲ್ಲವಾ. ನನಗ ಅಂಜಿಕಿ ಆಗೈತಿ. ಖರೆ ಹೇಳ್ತೇನಿ, ಭಾಳ ಅಂಜಿಕಿ ಆಗೈತಿ." ಆಮೇಲೆ ಹಿತ್ತಲ ಗೋಡೆಯ ಮೇಲಿಂದ ಒಂದು ಗುದ್ದಲಿ, ಒಂದು ಸಲಿಕೆ ಈಚೆಗೆ ಬಿದ್ದವು. ಅಂದಪ್ಪನಿಂದ ಅಷ್ಟು ಆಯಿತು.

ಪಕ್ಕದ ಹಳ್ಳಿಗಳ ಇಬ್ಬರು ಅಯ್ಯನವರಿಗೆ ಅವಳು ಫೋನ್ ಹಚ್ಚಿದಳು. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರ ಸೊಸೆ ಎತ್ತಿ, ಅವರೂ ದವಾಖಾನಿಯಲ್ಲಿ ಇದ್ದಾರೆ, ಇವತ್ತೋ ನಾಳೆಯೋ ಅನ್ನುವ ಹಾಗಿದೆ ಎಂದಳು. ಬಸವೇಶ್ವರಿ ಕಟ್ಟೆಯ ಮೇಲೆ ಕುಸಿದು ಕುಳಿತಳು. ಒಳಗೆ ಅಪ್ಪ ಮಲಗಿಯೇ ಇದ್ದ, ಗಳಿಗೆ ಗಳಿಗೆಗೂ ಬಿಗಿಯಾಗುತ್ತಿದ್ದ. ಹೆತ್ತ ಅಪ್ಪನ ಒಂದು ಮಾತು ಉಳಿಸಿಕೊಡಲಾಗದ ಮಗಳು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅವಳಿಗೆ ಅನ್ನಿಸಿತು. ಹಿತ್ತಲ ಬಾವಿಯ ನೆನಪೂ ಬಂತು. ಎದ್ದು ಅಲ್ಲಿಯವರೆಗೆ ನಡೆಯಲು ಶಕ್ತಿ ಇರಲಿಲ್ಲ, ಅದೊಂದು ಪುಣ್ಯ.

ಆಗ ಓಣಿಯ ತುದಿಯಲ್ಲಿ ಮೂರು ಗಾಲಿಯ ಟಂಟಂನ ಸದ್ದಾಯಿತು. ಅದು ಖಣದ ಅಮರೇಶನ ಗಾಡಿ.

ಅಮರೇಶ ಗುಳೇದಗುಡ್ಡದ ನೇಕಾರರ ಪೈಕಿ. ಮುತ್ತಜ್ಜನ ಕಾಲಕ್ಕೇ ಕ್ರಿಸ್ತನ ದಾರಿ ಹಿಡಿದ ಮನೆತನ. ಊರೂರು ತಿರುಗಿ ಕುಪ್ಪಸದ ಖಣ ಮಾರುವುದು ಅವನ ಕಸುಬು, ಬಸವೇಶ್ವರಿ ಕುಪ್ಪಸ ಹೊಲಿಯುವವಳು. ಹನ್ನೊಂದು ವರ್ಷದ ವ್ಯವಹಾರ. ಆ ಹನ್ನೊಂದು ವರ್ಷವೂ ಅವನು ಕಟ್ಟೆಯ ಕೆಳಗೇ ನಿಂತು ಗಂಟು ಬಿಚ್ಚಿದ್ದ. ಕಿರಿಸ್ತಾನನ ನೆರಳು ಹೊಸಿಲು ದಾಟಬಾರದು ಎಂದು ರಾಚಯ್ಯನವರ ಕಟ್ಟಪ್ಪಣೆ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹುಯ್ಯಬೇಕಿತ್ತು. ಅಮರೇಶ ಬೊಗಸೆಯಲ್ಲೇ ಕುಡಿದು, ನಕ್ಕು, "ಬರ್ತೇನ್ರಿ ಅಕ್ಕಾರ" ಎಂದು ಹೋಗುತ್ತಿದ್ದ. ಲಾಕ್‌ಡೌನ್ ಬಂದು ಖಣ ಕೇಳುವವರು ಇಲ್ಲವಾದ ಮೇಲೆ ಅದೇ ಟಂಟಂನಲ್ಲಿ ರೋಗಿಗಳನ್ನು ದವಾಖಾನಿಗೆ ಬಿಡುತ್ತಿದ್ದ. ಈ ಮನೆಯಲ್ಲಿ ಜ್ವರ ಇದೆ ಎಂದು ಗೊತ್ತಾದಾಗಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಬಂದು, ಹೆಂಡತಿ ಶೀಲಾ ಮಾಡಿಕೊಟ್ಟ ರೊಟ್ಟಿ ಪಲ್ಯದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ.

ಇವತ್ತೂ ಡಬ್ಬಿ ಹಿಡಿದು ಇಳಿದವನು ಅವಳ ಮುಖ ನೋಡಿ ಅಲ್ಲೇ ನಿಂತ.

"ಅಯ್ಯಾರು?"

"ಹೋದ್ರು. ಕೂಡ್ರಿಸಬೇಕ್ರಿ, ಅಮರೇಶಣ್ಣಾ. ಯಾರೂ ಬರವಲ್ರು. ಹನ್ನೆರಡಕ್ಕ ಗಾಡಿ ಬಂದ್ರ ಮಲಗಿಸಿ ಒಯ್ತಾರ. ಅಪ್ಪ ಮಲಗಸಬ್ಯಾಡ ಅಂದಿದ್ದ. ನಾ ಏನ್ ಮಾಡ್ಲಿ?"

ಅಮರೇಶ ಡಬ್ಬಿಯನ್ನು ಕೆಳಗಿಟ್ಟ. ಒಂದು ಕ್ಷಣ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ; "ಸ್ತೋತ್ರ, ಸ್ವಾಮಿ" ಎಂದಷ್ಟೇ ಅವಳಿಗೆ ಕೇಳಿಸಿತು. ಮುಖಕ್ಕೆ ಟವೆಲು ಬಿಗಿದುಕೊಂಡು, ಚಪ್ಪಲಿ ಬಿಟ್ಟು, ಹೊಸಿಲಿನ ಮುಂದೆ ಬಂದು ನಿಂತ.

"ನಾ ಒಳಗ ಬರಬಹುದೇನ್ರಿ ಅಕ್ಕಾರ?"

ಇಡೀ ಊರು ಒಳಗೆ ಬರಲೊಲ್ಲೆ ಎಂದು ಬಾಗಿಲು ಹಾಕಿಕೊಂಡಿರುವಾಗ, ಬರಬಾರದು ಎನ್ನಿಸಿಕೊಂಡವನು ಒಬ್ಬನೇ ಬಂದು ಅಪ್ಪಣೆ ಕೇಳುತ್ತಿದ್ದಾನೆ. "ಬರ್ರಿ," ಎಂದಳು. ಗೋಡೆ ಹಿಡಿದು ಎದ್ದು ದಾರಿ ಬಿಟ್ಟಳು.

ಅವನು ಅಪ್ಪನ ಕಂಕುಳಿಗೆ ಕೈ ಹಾಕಿ ಎತ್ತಿ ಗೋಡೆಗೆ ಆನಿಸಿದ. ಕುತ್ತಿಗೆ ಆಗಲೇ ಬಿಗಿದಿತ್ತು, ಕಾಲುಗಳಲ್ಲಿ ಇನ್ನೂ ಮೆತ್ತಗಿತ್ತು. ಮೊಣಕಾಲು ಮಡಚುವಾಗ ಬದುಕಿರುವವರಿಗೆ ಹೇಳುವ ಹಾಗೆ, "ಸ್ವಲ್ಪ ತಡೀರಿ ಅಯ್ಯಾರ, ಆತು, ಆತು" ಎನ್ನುತ್ತಿದ್ದ. ಅಪ್ಪ ಪದ್ಮಾಸನದಲ್ಲಿ ಕುಳಿತ. ಬಸವೇಶ್ವರಿ ತಲೆಗೆ ಬಟ್ಟೆಯ ಪಟ್ಟಿ ಸುತ್ತಿ ಗೂಟಕ್ಕೆ ಕಟ್ಟಿದಳು. ಗಂಟೆ ಎಂಟಾಗಿತ್ತು.

ಮನೆಯ ಹಿಂದೆಯೇ ಅವರ ಹೊಲ. ಅಜ್ಜನನ್ನು ಕೂಡ್ರಿಸಿದ ಗದ್ದಿಗೆ ಅಲ್ಲೇ ಬೇವಿನ ಮರದ ಬುಡದಲ್ಲಿತ್ತು. ಅದರ ಪಕ್ಕದಲ್ಲಿ ಜಾಗ ತೋರಿಸಿ ಅವಳು ಮರಕ್ಕೆ ಒರಗಿದಳು. ಅಮರೇಶ ಅಂದಪ್ಪನ ಗುದ್ದಲಿಯಿಂದ ನೆಲದ ಮೇಲೆ ಗೆರೆ ಎಳೆದ: ಉದ್ದಕ್ಕೆ ಆರು ಅಡಿ, ಅಗಲಕ್ಕೆ ಎರಡೂವರೆ.

"ಹಂಗಲ್ರಿ," ಎಂದಳು ಅವಳು. "ಅದು ಮಲಗಸೂದು."

"ಹೌದಲ್ಲ. ನಮ್ಮಲ್ಲಿ ಮಲಗಸ್ತೀವಿ." ಅವನು ಕಾಲಿನಿಂದ ಗೆರೆ ಅಳಿಸಿದ. "ತಪ್ಪಾತು. ನೀವು ಹೇಳ್ರಿ, ನಾ ಅಗೀತೇನಿ."

ಅವಳು ಹೇಳಿದಳು. ಚೌಕನೆಯ ಕುಣಿ, ಸತ್ತವರ ಪಾದದಿಂದಲೇ ಅಳತೆ. ಒಳಗೆ ಹೋಗಿ ಹೊಲಿಗೆಯ ಟೇಪಿನಿಂದ ಅಪ್ಪನ ಪಾದ ಅಳೆದು ಬಂದಳು. ಒಂದು ಬದಿಯ ಗೋಡೆಯಲ್ಲಿ ಕೂಡ್ರಲು ಗೂಡು ಕೊರೆಯಬೇಕು, ಮುಖ ಇಂಥ ದಿಕ್ಕಿಗೆ ಬರಬೇಕು ಎಂದಳು. ಬಾಲ್ಯದಿಂದ ಕೇಳಿದ್ದೆಲ್ಲ ಬಾಯಿಗೆ ಬಂತು. ಮೇ ತಿಂಗಳ ಎರೆಭೂಮಿ, ಗುದ್ದಲಿ ಬಿದ್ದರೆ ಠಣ್ ಎನ್ನುತ್ತಿತ್ತು. ಹತ್ತು ಗಂಟೆಗೆ ಕುಣಿ ಅವನ ಸೊಂಟದ ಮಟ್ಟಕ್ಕೂ ಇಳಿದಿರಲಿಲ್ಲ. ಅಂಗೈಯ ಗುಳ್ಳೆ ಒಡೆದು ಗುದ್ದಲಿಯ ಹಿಡಿಕೆ ಒದ್ದೆಯಾಗಿತ್ತು. ಆಗೋದಿಲ್ಲ ಎಂದು ಅವಳಿಗೆ ಅನ್ನಿಸತೊಡಗಿತು. ಹನ್ನೆರಡಕ್ಕೆ ಗಾಡಿ ಬರುತ್ತದೆ, ಇವನು ಅರ್ಧ ಕುಣಿಯಲ್ಲಿ ನಿಂತಿರುತ್ತಾನೆ, ಅಪ್ಪನ ಕಾಲನ್ನು ಅವರು ಮತ್ತೆ ನೆಟ್ಟಗೆ ಮಾಡಿ ಚೀಲಕ್ಕೆ ಹಾಕುತ್ತಾರೆ.

ಕುಡಿಯಲು ನೀರು ತಂದು ಲೋಟವನ್ನೇ ಅವನ ಕೈಗೆ ಕೊಟ್ಟಳು. ಅವನು ಅಭ್ಯಾಸದಿಂದ ಬೊಗಸೆ ಒಡ್ಡಿದ್ದ. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಮರೇಶಣ್ಣಾ, ಒಂದು ಮಾತು ಹೇಳ್ತೇನಿ. ನೀವು ತಂದ ರೊಟ್ಟಿ ಅಪ್ಪ ಒಂದಿನಾನೂ ಮುಟ್ಟಲಿಲ್ಲ. ಕಿರಿಸ್ತಾನರ ಮನೀದು, ನಾಯಿಗೆ ಹಾಕು ಅಂದ. ನಾ ಹಾಕಿದೆ. ನನ್ನ ಪಾಲಿಂದು ಅಪ್ಪಗ ಕಾಣದಂಗ ತಿಂದೆ."

ಅಮರೇಶ ಗಟಗಟ ನೀರು ಕುಡಿದ. "ನನಗ ಗೊತ್ತಿತ್ರಿ. ಆ ನಾಯಿ ನನ್ನ ಗಾಡಿ ಸಪ್ಪಳ ಕೇಳಿದ್ರ ಊರ ಅಗಸಿ ಬಾಗಲ ಮಟಾ ಎದುರಿಗೆ ಬರ್ತೈತಿ."

"ಗೊತ್ತಿದ್ದೂ ಯಾಕ ತಂದ್ರಿ?"

"ನೀವು ತಿಂತಿದ್ರಲ್ಲಾ." ಲೋಟ ವಾಪಸು ಕೊಟ್ಟ. "ಖರೆ ಹೇಳಬೇಕಂದ್ರ ನನಗೂ ಸಿಟ್ಟು ಬಂದಿತ್ತು. ಮೂರನೇ ದಿನ ಶೀಲಾಗ, ನಾಳೆ ಬ್ಯಾಡ, ನಾಯಿಗೆ ಯಾಕ ರೊಟ್ಟಿ ಬಡೀತಿ ಅಂದೆ. ಆಕಿ ಕೇಳಲಿಲ್ಲ. ಹಸದವ್ರಿಗೆ ಕೊಡು ಅಂದಾನ ನಮ್ಮ ಸ್ವಾಮಿ, ಅವ್ರು ಬೈದ್ರ ಕೊಡಬ್ಯಾಡ ಅಂತ ಎಲ್ಲಿ ಅಂದಾನ ಅಂತ ನನಗ ತಿರುಗಿ ಕೇಳಿದ್ಲು. ಏನ್ ಹೇಳೂದು? ಡಬ್ಬಿ ಹಿಡಕೊಂಡು ಬಂದೆ." ಹಾಗೆಂದು ಮತ್ತೆ ಗುದ್ದಲಿ ಎತ್ತಿದ.

ಹನ್ನೊಂದೂವರೆಗೆ ಕುಣಿ ಅವನ ಎದೆಯ ಮಟ್ಟಕ್ಕೆ ಬಂತು, ಗೂಡೂ ಆಯಿತು. ಅಪ್ಪ ಭಾರದ ಆಳು. ಹಾಗೆ ಕುಳಿತಿದ್ದವರನ್ನೇ ಕಂಬಳಿಯಲ್ಲಿ ಇರಿಸಿ, ಅವನು ಬೆನ್ನ ಕಡೆ, ಅವಳು ಕಾಲ ಕಡೆ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಇಳಿಸುತ್ತ ತಂದರು. ದಾರಿಯಲ್ಲಿ ಅವಳು ಎರಡು ಸಲ ಬಿದ್ದಳು. ಅಂದಪ್ಪನ ಮಾಳಿಗೆಯ ಮೇಲೆ ಯಾರೋ ನಿಂತು ನೋಡುತ್ತಿದ್ದರು. ಇಳಿದು ಬರಲಿಲ್ಲ.

ಅಮರೇಶ ಮೊದಲು ಕುಣಿಗೆ ಇಳಿದು, ಅಪ್ಪನನ್ನು ಎದೆಗೆ ಒತ್ತಿ ಹಿಡಿದು ಇಳಿಸಿಕೊಂಡ. ಮುಖಕ್ಕೆ ಮುಖ ತಾಗಿತು, ಟವೆಲು ಜಾರಿ ಕೊರಳಿಗೆ ಬಂತು. ಅದನ್ನು ಮೇಲೆ ಎಳೆದುಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಗೂಡಿನಲ್ಲಿ ಅಪ್ಪನನ್ನು ಸರಿಯಾಗಿ ಕೂಡ್ರಿಸಿ, ಅತ್ತಿತ್ತ ವಾಲದಂತೆ ಮಣ್ಣಿನ ಹೆಂಟೆ ಇಟ್ಟ. ಬಸವೇಶ್ವರಿ ಕುಣಿಯ ಅಂಚಿಗೆ ಹೊಟ್ಟೆಯ ಮೇಲೆ ಮಲಗಿ, ಒಂದೊಂದೇ ಸಾಮಾನು ಕೆಳಗೆ ಕೊಟ್ಟಳು. ಲಿಂಗ ಎಡಗೈಗೆ ಹೋಯಿತು. ವಿಭೂತಿ ಹಣೆಗೆ, ತೋಳಿಗೆ, ಎದೆಗೆ, ಪಾದಕ್ಕೆ. ಬಿಲ್ವಪತ್ರಿ ತಲೆಗೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ, ಒಂದೂ ಮಾತು ಎದುರಾಡದೆ ಅವನು ಮಾಡಿದ.

ಅಷ್ಟರಲ್ಲಿ ಊರ ಅಗಸಿಯ ಕಡೆಯಿಂದ ದೊಡ್ಡ ಗಾಡಿಯ ಸದ್ದು ಕೇಳಿಸಿತು.

"ಬಂದ್ರು!" ಎಂದು ಅವಳು ಚೀರಿದಳು. "ಅಣ್ಣಾ, ಲಗೂನ! ಪಾದ! ಪಾದ ಒಂದು ಉಳದೈತಿ. ತಲಿ ಮ್ಯಾಲ ಪಾದ ಇಡಬೇಕು, ಲಗೂ ಮಾಡ್ರಿ!" ಇನ್ನೂ ಹೇಳುವಳಿದ್ದಳು, ಕೆಮ್ಮು ಬಂತು. ಮುಖವನ್ನು ಮಣ್ಣಿಗೆ ಒತ್ತಿ ಕೆಮ್ಮಿದಳು. ಯಾವ ಅಯ್ಯನೂ ಇಲ್ಲ, ಯಾರೂ ಇಲ್ಲ. ಅಪ್ಪ ಕಾಲು ಚಾಚದೆ ಕುಳಿತಿದ್ದಾನೆ, ತಲೆಯ ಮೇಲೆ ಒಂದು ಕಾಲು ಬಿದ್ದರೆ ಸಾಕು. ಅದು ಕಿರಿಸ್ತಾನನ ಕಾಲಾದರೂ ಇರಲಿ ಎಂದು ಅವಳ ಜೀವ ಒದ್ದಾಡುತ್ತಿತ್ತು.

ಕೆಮ್ಮು ನಿಂತು ತಲೆ ಎತ್ತಿದಾಗ, ಅಮರೇಶ ಕುಣಿಯ ತಳದಲ್ಲಿ ಮೊಣಕಾಲೂರಿದ್ದ. ಆ ಇಕ್ಕಟ್ಟಿನಲ್ಲಿ ಮೈ ಮುದುಡಿಕೊಂಡು, ಅಪ್ಪನ ಮಡಚಿದ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ತಲೆಯನ್ನು ಅದರ ಅಡಿಗೆ ಕೊಟ್ಟಿದ್ದ. ಅಪ್ಪನ ಪಾದ ಅವನ ತಲೆಯ ಮೇಲಿತ್ತು.

"ಹಂಗಲ್ಲ..." ಎಂದಳು ಅವಳು.

ಅವನು ಮುಖ ಎತ್ತಿ ನೋಡಿದ. ಕೂದಲ ತುಂಬ ಎರೆಮಣ್ಣು, ಹಣೆಯ ಮೇಲೆ ಅಪ್ಪನ ಕಾಲಿನ ವಿಭೂತಿ, ಬೆವರಿಗೆ ಅದು ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಅಂಜಿದ್ದ. ಬೆಳಗಿನಿಂದ ರೋಗಕ್ಕೆ ಅಂಜದವನು, ಈಗ ತಪ್ಪು ಮಾಡಿದೆನೇ ಎಂದು ಅಂಜಿದ್ದ.

"ತಪ್ಪಾತೇನ್ ತಂಗೀ? ದೊಡ್ಡವರ ಪಾದ ನನ್ನ ತಲಿ ಮ್ಯಾಲ ಅಂತ ತಿಳದೆ. ಬ್ಯಾರೆ ಹೆಂಗ ಹೇಳು, ಹಂಗ ಮಾಡ್ತೇನಿ."

ಒಂದು ಮಾತು ಸಾಕಿತ್ತು. ನಿನ್ನ ಕಾಲು ಅವರ ತಲೆಯ ಮೇಲೆ ಎಂದರೆ ಮುಗಿಯುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೊಂದು ವರ್ಷ ಬೊಗಸೆಯಲ್ಲಿ ನೀರು ಕುಡಿದವನಿಗೆ, ಆ ನೀರು ಹುಯ್ಯಿಸಿದ ತಲೆಯನ್ನು ಮೆಟ್ಟು ಎಂದರೆ, ಅವನು ಮೆಟ್ಟಲೂ ಬಹುದು, ಹೇಳಿದ್ದನ್ನು ಮಾಡುವವನು. ಆದರೆ ಅವನಿಗೆ ಆ ದಾರಿ ತಾನಾಗಿ ಹೊಳೆದೇ ಇರಲಿಲ್ಲ. ತಲೆ ಮತ್ತು ಪಾದ ಎಂದ ಕೂಡಲೇ ತಗ್ಗಬೇಕಾದ ತಲೆ ತನ್ನದೇ ಎಂದು ಅವನಿಗೆ ತಿಳಿದಿತ್ತು. ಅವಳಿಗೆ ಅಪ್ಪನ ಮೇಲೆ ಪ್ರೀತಿ ಬಂತು, ಅಪ್ಪನ ಪರವಾಗಿ ನಾಚಿಕೆಯೂ ಬಂತು, ಎರಡೂ ಒಟ್ಟಿಗೆ.

"ತಪ್ಪಲ್ಲಣ್ಣಾ," ಎಂದಳು. "ಪಾದ ಆತು. ಮ್ಯಾಲ ಬರ್ರಿ."

ಗಾಡಿಯವರು ಹಿತ್ತಲು ದಾಟಿ ಬರುವಷ್ಟರಲ್ಲಿ ಇಬ್ಬರೂ ಮಣ್ಣು ಎಳೆಯುತ್ತಿದ್ದರು, ಅವನು ಸಲಿಕೆಯಲ್ಲಿ, ಅವಳು ಕೈಯಲ್ಲಿ. ಮೈ ತುಂಬ ಬಿಳಿ ಬಟ್ಟೆ ತೊಟ್ಟ ಆ ಇಬ್ಬರು ದೂರದಲ್ಲೇ ನಿಂತು ನೋಡಿದರು. ಅಪ್ಪನ ತಲೆ ಆಗಲೇ ಮುಚ್ಚಿತ್ತು. ಅವರಲ್ಲೊಬ್ಬ ಹೆಸರು, ವಯಸ್ಸು ಕೇಳಿ ಬರೆದುಕೊಂಡ. ಇನ್ನೊಬ್ಬ, "ಕೂಡ್ರಿಸಿದ್ರೇನವಾ?" ಎಂದು ಕೇಳಿದ. ಹೂಂ ಎಂದಳು. "ಛಲೋ ಮಾಡಿದ್ರಿ," ಎಂದು ಹೇಳಿ ಅವರು ಹೊರಟುಹೋದರು.

ಅಮರೇಶ ಬಾವಿಯ ಹತ್ತಿರ ಕೈಕಾಲು ತೊಳೆದು, ಮನೆಗೆ ಹೋಗಿ ಹಿತ್ತಲ ಬಚ್ಚಲಲ್ಲೇ ಇರುತ್ತೇನೆ, ಮಕ್ಕಳ ಹತ್ತಿರ ಹೋಗುವುದಿಲ್ಲ, ಎಂದ. ನಾಳೆ ತನಗೆ ಬರಲಾಗದಿದ್ದರೆ ಶೀಲಾ ಯಾರ ಕೈಯಲ್ಲಾದರೂ ಡಬ್ಬಿ ಕಳಿಸುತ್ತಾಳೆ ಎಂದ. ಗಾಡಿ ಹತ್ತುವಾಗ ಸಣ್ಣಗೆ ಕೆಮ್ಮಿದ. ಧೂಳಿಗೆ ಬಂದ ಕೆಮ್ಮು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಟಂಟಂ ಸದ್ದು ಪೂರ್ತಿ ಅಡಗುವವರೆಗೂ ಹಾಗೆ ಹೇಳಿಕೊಳ್ಳುತ್ತಲೇ ಇದ್ದಳು.

ಮಧ್ಯಾಹ್ನ ಮೂರಕ್ಕೆ ಅಣ್ಣನ ಫೋನ್ ಬಂತು. ಗಾಡಿ ಬರಿಗೈಯಲ್ಲಿ ಹೋದ ಸುದ್ದಿ ಅವನಿಗೆ ಮುಟ್ಟಿತ್ತು.

"ಕೂಡ್ರಿಸಿದ್ಯಂತಲ್ಲವಾ? ಖರೇನಾ?"

"ಹೌದು."

"ಪಾದ ಆತೇನು?"

"ಆತು."

"ಯಾವ ಅಯ್ಯಾರು ಬಂದಿದ್ರು? ಇಂಥಾದ್ರಾಗ ಯಾರು ಸಿಕ್ರು ನಿನಗ?"

ಬಸವೇಶ್ವರಿ ಗೋಡೆಗೆ ಒರಗಿದಳು. ಜಂಗಮ ಎಂದರೆ ನಿಲ್ಲದೆ ನಡೆಯುವವನು ಎಂದು ಅಪ್ಪನೇ ಅವಳಿಗೆ ಹೇಳಿಕೊಟ್ಟಿದ್ದ. ಈ ಹತ್ತು ದಿನದಲ್ಲಿ ಆ ಓಣಿಯಲ್ಲಿ ನಡೆದು ಬಂದವನು ಒಬ್ಬನೇ.

"ಗುಳೇದಗುಡ್ಡದವ್ರು," ಎಂದಳು. "ಅಮರೇಶಯ್ಯನವ್ರು."

"ಅವ್ರನ್ನ ನಾ ನೋಡಿಲ್ಲ. ಆಗಲಿ, ದೊಡ್ಡ ಮನಸಿನವರಿರಬೇಕು," ಎಂದ ಅಣ್ಣ. ನೆಮ್ಮದಿಯಿಂದ ಉಸಿರು ಬಿಟ್ಟಿದ್ದು ಫೋನಿನಲ್ಲೂ ಕೇಳಿಸಿತು. "ಅವ್ರ ಪಾದಕ್ಕ ನಂದೊಂದು ಶರಣಾರ್ಥಿ ಹೇಳು."

"ಹೇಳ್ತೇನಿ," ಎಂದು ಅವಳು ಫೋನ್ ಇಟ್ಟಳು. ಆಮೇಲೆ ನೆಲದ ಮೇಲೆ ಕುಳಿತು, ಬೆಳಗಿನಿಂದ ಮೊದಲ ಸಲ, ದನಿ ತೆಗೆದು ಅತ್ತಳು.